ಮಾಹಿತಿ ಸಿದ್ಧಾಂತದ ಗೋಷ್ಠಿಗಳು: ಮುಕ್ಕಾಲು ಶತಮಾನದ ನಡೆ

ಬೆಂಗಳೂರಿನ ಯಾವ ಸಂತೆಬೀದಿಗೆ ಹೋದರೂ ಸೊಪ್ಪಿನ ಗಾಡಿಗೆ ಅಂಟಿಸಿದ ಕ್ಯೂಆರ್ ಚೀಟಿ ಕಾಣುತ್ತದೆ. ಮಳೆಗೆ ಒಂದು ಮೂಲೆ ಹರಿದಿರುತ್ತದೆ, ನಡುವೆ ಕೆಸರು ಸಿಡಿದಿರುತ್ತದೆ. ಆದರೂ ಫೋನು ಹಿಡಿದ ಕೂಡಲೇ ವ್ಯಾಪಾರಿಯ ಹೆಸರು ಪರದೆಯ ಮೇಲೆ ಮೂಡುತ್ತದೆ. ಆ ಕಪ್ಪುಬಿಳಿ ಚೌಕಗಳಲ್ಲಿ ವ್ಯಾಪಾರಿಯ ವಿವರದ ಜೊತೆಗೆ, ಕೆಟ್ಟುಹೋದ ಚೌಕಗಳನ್ನು ಲೆಕ್ಕ ಹಾಕಿ ತುಂಬಿಕೊಳ್ಳಲು ಬೇಕಾದ ಹೆಚ್ಚುವರಿ ಅಂಕಿಗಳೂ ಅಡಗಿವೆ. ರೀಡ್-ಸಾಲೊಮನ್ ಕೋಡ್ ಎಂಬ ಈ ಏರ್ಪಾಡಿನ ದೆಸೆಯಿಂದ, ಗರಿಷ್ಠ ರಕ್ಷಣೆಯ ಮಟ್ಟದಲ್ಲಿ ಮುದ್ರಿಸಿದ ಚೀಟಿಯನ್ನು ಸುಮಾರು ಶೇ 30ರಷ್ಟು ಅಳಿದರೂ ಓದಬಹುದು. ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ ಈ ಕೋಡನ್ನು ಪ್ರಕಟಿಸಿದ್ದು 1960ರಲ್ಲಿ. ಕ್ಯೂಆರ್ ಚೀಟಿ ಜಪಾನಿನಲ್ಲಿ ಹುಟ್ಟಿದ್ದು 1994ರಲ್ಲಿ. ಈ 34 ವರ್ಷಗಳಲ್ಲಿ ಕೆಲವೇ ಪುಟಗಳ ಒಂದು ಗಣಿತ ಪ್ರಬಂಧವನ್ನು ಮರೆಯಗೊಡದೆ, ಚರ್ಚಿಸಿ, ತಿದ್ದಿ, ಯಂತ್ರಕ್ಕೆ ಒಗ್ಗುವ ಹದಕ್ಕೆ ತಂದವರು ಯಾರು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ.

ಬಹುಮಟ್ಟಿಗೆ ಅದನ್ನು ಮಾಡಿದ್ದು ಒಂದು ವಿದ್ವತ್ ಸಮುದಾಯದ ಗೋಷ್ಠಿಗಳು ಎಂಬುದು ಇಲ್ಲಿ ನನ್ನ ವಾದ. 1951ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ರೇಡಿಯೊ ಎಂಜಿನಿಯರ್ಸ್ ಒಳಗೆ ‘ಮಾಹಿತಿ ಸಿದ್ಧಾಂತದ ವೃತ್ತಿಪರ ಗುಂಪು’ ಎಂದು ಆರಂಭವಾಗಿ, ಇಂದು ಐಇಇಇ ಇನ್ಫರ್ಮೇಷನ್ ಥಿಯರಿ ಸೊಸೈಟಿ ಎನಿಸಿಕೊಂಡಿರುವ ಸಂಸ್ಥೆಗೆ 75 ತುಂಬುತ್ತಿರುವ ಈ ಹೊತ್ತಿನಲ್ಲಿ ಅದರ ಪತ್ರಿಕೆಯನ್ನೂ ಪ್ರಶಸ್ತಿಗಳನ್ನೂ ಹೊಗಳುವುದು ರೂಢಿ. ಅವೆರಡೂ ಹೊಗಳಿಕೆಗೆ ಅರ್ಹವೇ. ಆದರೆ ಸಂಸ್ಥೆಯ ಜೀವ ಇದ್ದದ್ದು ಅದರ ಸಂಕಿರಣ ಮತ್ತು ಕಾರ್ಯಾಗಾರಗಳಲ್ಲಿ. ಬಯಲುಸೀಮೆಯ ರೈತರು ಹಗೇವಿನಲ್ಲಿ ಜೋಳ ಕಾಪಿಟ್ಟ ಹಾಗೆ, ಕಾಲ ಕೂಡಿಬರದ ವಿಚಾರಗಳನ್ನು ಈ ಕೂಟಗಳು ಮುಗ್ಗಲು ಹಿಡಿಯದಂತೆ ಕಾಪಾಡಿದವು.

1948–1956: ಬರ್ಲಿಂಗ್‌ಟನ್ ಹೌಸ್‌ನಿಂದ ಎಂಐಟಿಗೆ

ಕ್ಲಾಡ್ ಶಾನನ್ ಅವರ ಮೂಲ ಪ್ರಬಂಧ ಬೆಲ್ ಸಂಸ್ಥೆಯ ತಾಂತ್ರಿಕ ಪತ್ರಿಕೆಯ 1948ರ ಜುಲೈ ಮತ್ತು ಅಕ್ಟೋಬರ್ ಸಂಚಿಕೆಗಳಲ್ಲಿ ಬಂತು. ಬೆಂಗಳೂರಿನ ದೂರವಾಣಿನಗರದಲ್ಲಿ ಐಟಿಐ ಕಾರ್ಖಾನೆ ಸ್ಥಾಪನೆಯಾದದ್ದೂ ಅದೇ ವರ್ಷ. ಒಂದೆಡೆ ದೇಶಕ್ಕೆ ಟೆಲಿಫೋನು ತಯಾರಿಸುವ ಕೆಲಸ, ಇನ್ನೊಂದೆಡೆ ಟೆಲಿಫೋನು ತಂತಿಯಲ್ಲಿ ಎಷ್ಟು ಮಾತು ಹಿಡಿಸೀತು ಎಂದು ಅಳೆಯುವ ಗಣಿತ. ಶಾನನ್ ಹೇಳಿದ್ದರ ತಿರುಳು ಇಷ್ಟು: ಗದ್ದಲವಿರುವ ಪ್ರತಿಯೊಂದು ಚಾನೆಲ್‌ಗೂ ಒಂದು ಸಾಮರ್ಥ್ಯವಿದೆ, ಕಳುಹಿಸುವ ವೇಗ ಅದಕ್ಕಿಂತ ಕಡಿಮೆ ಇದ್ದರೆ, ತಕ್ಕ ಕೋಡ್ ಬಳಸಿ ತಪ್ಪುಗಳನ್ನು ಬೇಕಾದಷ್ಟು ಕಡಿಮೆ ಮಾಡಬಹುದು, ವೇಗ ಅದನ್ನು ಮೀರಿದರೆ ಸಾಧ್ಯವಿಲ್ಲ. ಅಂಥ ಕೋಡ್ ಇದೆ ಎಂದು ಅವರು ಸಾಧಿಸಿದರು, ಅದನ್ನು ಕಟ್ಟುವ ಬಗೆಯನ್ನು ಮಾತ್ರ ಹೇಳಲಿಲ್ಲ. ಗುರಿ ಗೊತ್ತಿದ್ದು ದಾರಿ ಗೊತ್ತಿಲ್ಲದ ಈ ಸ್ಥಿತಿಯೇ ಜನ ಒಂದೆಡೆ ಸೇರಲು ಕಾರಣವಾಯಿತು. ಎಷ್ಟು ದೂರ ಬಂದಿದ್ದೇವೆ ಎಂದು ಅಳೆಯಲು ಎಲ್ಲರಿಗೂ ಒಂದೇ ಅಳತೆಗೋಲು ಸಿಕ್ಕಿತ್ತು.

ಮೊದಲ ದೊಡ್ಡ ಕೂಟ ನಡೆದದ್ದು ಲಂಡನ್ನಿನಲ್ಲಿ. 1950ರ ಸೆಪ್ಟೆಂಬರ್ ಕೊನೆಯಲ್ಲಿ, ಆಗ ರಾಯಲ್ ಸೊಸೈಟಿಯ ನೆಲೆಯಾಗಿದ್ದ ಬರ್ಲಿಂಗ್‌ಟನ್ ಹೌಸ್‌ನ ಉಪನ್ಯಾಸ ಮಂದಿರದಲ್ಲಿ, ಇಂಪೀರಿಯಲ್ ಕಾಲೇಜಿನ ವಿಲ್ಲಿಸ್ ಜಾಕ್ಸನ್ ಅದನ್ನು ಏರ್ಪಡಿಸಿದ್ದರು. ಎಂಜಿನಿಯರುಗಳ ಜೊತೆಗೆ ಗಣಿತಜ್ಞರೂ ಮಿದುಳು-ನರಗಳನ್ನು ಅಧ್ಯಯನ ಮಾಡುವವರೂ ಸೇರಿದ್ದರು. ಶಾನನ್ ಅಮೆರಿಕದಿಂದ ಬಂದಿದ್ದರು. ಮರುವರ್ಷ ಅಮೆರಿಕದ ಗುಂಪು ರಚನೆಯಾಯಿತು. 1953ರ ಫೆಬ್ರವರಿಯಲ್ಲಿ ಅದು ತನ್ನ ಪತ್ರಿಕೆಯ ಮೊದಲ ಸಂಚಿಕೆಯನ್ನು ತಂದಾಗ, ಅದರಲ್ಲಿ ಇದ್ದದ್ದು ಲಂಡನ್ ಗೋಷ್ಠಿಯ ನಡಾವಳಿ. ಪತ್ರಿಕೆ ಹುಟ್ಟಿದ್ದೇ ಗೋಷ್ಠಿಯ ಮಾತನ್ನು ದಾಖಲಿಸಲು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ.

1954ರ ಸೆಪ್ಟೆಂಬರಿನಲ್ಲಿ ಎಂಐಟಿಯಲ್ಲಿ ನಡೆದ ಸಂಕಿರಣದ ಸಂಚಿಕೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಪೀಟರ್ ಎಲಿಯಸ್ ಅವರ ‘ತಪ್ಪಿಲ್ಲದ ಕೋಡಿಂಗ್’, ಅಮಿಯೆಲ್ ಫೈನ್‌ಸ್ಟೈನ್ ಅವರ ಮೂಲಭೂತ ಪ್ರಮೇಯ, ಹಲವು ತಪ್ಪುಗಳನ್ನು ಒಮ್ಮೆಗೇ ತಿದ್ದುವ ಕೋಡ್‌ಗಳ ಬಗ್ಗೆ ಇರ್ವಿಂಗ್ ರೀಡ್ ಅವರ ಪ್ರಬಂಧ, ಮೂರೂ ಅದರಲ್ಲಿವೆ. ಆಗ ಅವನ್ನು ಬಳಸಲು ಯೋಗ್ಯವಾದ ಯಂತ್ರವಿರಲಿಲ್ಲ. ಟ್ರಾನ್ಸಿಸ್ಟರಿಗೆ ಇನ್ನೂ ಬಾಲ್ಯ, ಉಪಗ್ರಹ ಹಾರಲು ಮೂರು ವರ್ಷ ಬಾಕಿ.

1956ರಲ್ಲಿ ಸಂಸ್ಥೆಯೊಳಗೆ ಒಂದು ಭಿನ್ನಾಭಿಪ್ರಾಯ ಮೂಡಿತು. ಮಾಹಿತಿ ಸಿದ್ಧಾಂತವೆಂಬ ಹೆಸರು ಮನಶ್ಶಾಸ್ತ್ರ, ಜೀವಶಾಸ್ತ್ರ, ಅರ್ಥಶಾಸ್ತ್ರ ಎಲ್ಲೆಡೆ ಓಡಾಡತೊಡಗಿತ್ತು. ಮಾರ್ಚ್ ಸಂಚಿಕೆಯ ಒಂದೇ ಪುಟದ ಸಂಪಾದಕೀಯದಲ್ಲಿ ಶಾನನ್ ಈ ಅಬ್ಬರದ ಬಗ್ಗೆ ಎಚ್ಚರಿಸಿದರು. ಮೊದಲು ನಮ್ಮ ಮನೆಯ ಕೆಲಸವನ್ನು ಕಟ್ಟುನಿಟ್ಟಾಗಿ ಮಾಡೋಣ ಎಂಬುದು ಅವರ ನಿಲುವು. ಜೂನ್ ಸಂಚಿಕೆಯಲ್ಲಿ ಗಣಿತಜ್ಞ ನಾರ್ಬರ್ಟ್ ವೀನರ್, ಬಾಗಿಲು ತೆರೆದೇ ಇರಲಿ ಎಂಬ ಧಾಟಿಯಲ್ಲಿ ಬರೆದರು. ಹಿರಿಯರಿಬ್ಬರ ಈ ಅಂತರ ಜಗಳಕ್ಕೆ ತಿರುಗಲಿಲ್ಲ. ಆ ಸೆಪ್ಟೆಂಬರಿನ ಸಂಕಿರಣ ಎರಡಕ್ಕೂ ಜಾಗ ಕೊಟ್ಟಿತು. ಶಾನನ್ ತಮ್ಮ ‘ಶೂನ್ಯ ದೋಷದ ಸಾಮರ್ಥ್ಯ’ವನ್ನು ಮಂಡಿಸಿದ ಆ ಕೂಟದಲ್ಲೇ ನೋಮ್ ಚಾಮ್‌ಸ್ಕಿ ಭಾಷೆಯ ವಿವರಣೆಗೆ ಮೂರು ಮಾದರಿಗಳನ್ನು ಮುಂದಿಟ್ಟರು, ಅಲೆನ್ ನ್ಯೂಯೆಲ್ ಮತ್ತು ಹರ್ಬರ್ಟ್ ಸೈಮನ್ ತರ್ಕ ಮಾಡುವ ಯಂತ್ರದ ವಿವರ ಕೊಟ್ಟರು. ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಮುಂದೆ ಅರಿವಿನ ವಿಜ್ಞಾನದ ಹುಟ್ಟುದಿನವೆಂದು ಗುರುತಿಸಿದ್ದು ಆ ಸಂಕಿರಣದ ಎರಡನೆಯ ದಿನವನ್ನು, 1956ರ ಸೆಪ್ಟೆಂಬರ್ 11ನ್ನು.

ಅಷ್ಟು ದೊಡ್ಡ ಬಳಗವನ್ನು ಮುಂದಿನ ವರ್ಷಗಳಲ್ಲಿ ಬಿಟ್ಟುಕೊಟ್ಟದ್ದು ಸಂಸ್ಥೆಯ ನಷ್ಟವಲ್ಲವೇ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ಭಾಷೆ ಮತ್ತು ಮನಸ್ಸಿನ ಅಧ್ಯಯನಗಳು ಬೇರೆ ಕೂಟಗಳನ್ನು ಕಟ್ಟಿಕೊಂಡು ಬೆಳೆದವು. ಜೊತೆಗಿದ್ದಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಆದರೆ ಶಾನನ್ ಎಳೆದ ಗೆರೆಯಿಂದ ಒಂದು ಲಾಭ ಖಚಿತವಾಗಿ ಆಯಿತು. ಈ ವೇದಿಕೆಯಲ್ಲಿ ನಿಂತವರು ಪ್ರಮೇಯದ ಸಾಧನೆ ತೋರಿಸಬೇಕು ಎಂಬ ರೂಢಿ ಬೇರೂರಿತು. ಹಾಗೆ ಸಾಧಿಸಿದ ಮಾತು ಇಪ್ಪತ್ತು ವರ್ಷ ಬಿಟ್ಟು ತೆರೆದರೂ ಅದೇ ಬೆಲೆ ಬಾಳುತ್ತದೆ. ಅಬ್ಬರದ ಮೇಲೆ ನಿಂತ ಪ್ರಬಂಧಕ್ಕೆ ಆ ಬಾಳಿಕೆ ಇರುವುದಿಲ್ಲ.

1957–1970: ಬೇರು ಇಳಿದ ಕಾಲ

ಈ ಅವಧಿಯ ಆಡಳಿತದ ಸಂಗತಿಗಳು ಬೇಗ ಮುಗಿಯುತ್ತವೆ. 1963ರಲ್ಲಿ ಎರಡು ಎಂಜಿನಿಯರಿಂಗ್ ಸಂಸ್ಥೆಗಳು ಒಂದಾಗಿ ಐಇಇಇ ಆಯಿತು, ಗುಂಪು ಅದರ ಅಂಗವಾಯಿತು. ಅದೇ ವರ್ಷ ಇಲಿನಾಯ್ ವಿಶ್ವವಿದ್ಯಾಲಯ ತನ್ನ ಅಲರ್ಟನ್ ಸಮಾವೇಶವನ್ನು ಆರಂಭಿಸಿತು. ಮಾಂಟಿಸೆಲ್ಲೊ ಊರಿನ ಹೊರಗೆ, ಉದ್ಯಾನದ ನಡುವೆ 1900ರಲ್ಲಿ ಕಟ್ಟಿದ ಅಲರ್ಟನ್ ಮನೆಯನ್ನು ಅದರ ಒಡೆಯ ರಾಬರ್ಟ್ ಅಲರ್ಟನ್ 1946ರಲ್ಲಿ ವಿಶ್ವವಿದ್ಯಾಲಯಕ್ಕೆ ದಾನ ಮಾಡಿದ್ದರು. ಊಟ, ವಸತಿ, ಚರ್ಚೆ ಒಂದೇ ಸೂರಿನಡಿ, ಪಟ್ಟಣ ದೂರ. ಮಾತು ಮುಂದುವರಿಯದೆ ಬೇರೆ ದಾರಿಯೇ ಇಲ್ಲದಂಥ ಕಟ್ಟಡ.

1967ರಲ್ಲಿ ಇಟಲಿಯ ಸ್ಯಾನ್ ರೆಮೊದಲ್ಲಿ ಅಂತರರಾಷ್ಟ್ರೀಯ ಸಂಕಿರಣ ನಡೆದಾಗ ಎಲ್ವಿನ್ ಬರ್ಲೆಕ್ಯಾಂಪ್ ರೀಡ್-ಸಾಲೊಮನ್ ಬಗೆಯ ಕೋಡ್‌ಗಳಲ್ಲಿ ತಪ್ಪುಗಳನ್ನು ಹುಡುಕುವ ಚುರುಕಾದ ವಿಧಾನವೊಂದನ್ನು ಮಂಡಿಸಿದರು. ಎರಡು ವರ್ಷಗಳಲ್ಲಿ ಜೇಮ್ಸ್ ಮ್ಯಾಸ್ಸಿ ಅದರ ಒಳತಿರುಳನ್ನು ಸರಳವಾದ ಶಿಫ್ಟ್ ರಿಜಿಸ್ಟರ್ ಮಂಡಲದ ರೂಪದಲ್ಲಿ ಬಿಡಿಸಿ ತೋರಿಸಿದರು. 1954, 1960, 1967, 1969: ನಾಲ್ಕು ಮೆಟ್ಟಿಲು. ಮುಂದೆ 1982ರಲ್ಲಿ ಕಾಂಪ್ಯಾಕ್ಟ್ ಡಿಸ್ಕ್ ಮಾರುಕಟ್ಟೆಗೆ ಬಂದಾಗ ಗೀರು ಬಿದ್ದ ತಟ್ಟೆಯಲ್ಲೂ ಹಾಡು ಕೆಡದಂತೆ ಕಾಯ್ದದ್ದು, ಕ್ಯೂಆರ್ ಚೀಟಿಯಲ್ಲಿ ಇಂದೂ ಕೆಲಸ ಮಾಡುತ್ತಿರುವುದು ಈ ಮೆಟ್ಟಿಲುಗಳ ಮೇಲೆ ನಿಂತ ವಿದ್ಯೆ.

ಕೂಟವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆಲದಲ್ಲೇ ನಿದರ್ಶನವಿದೆ. ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ, ಕಲಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಸಿ.ಆರ್. ರಾವ್ 1947ರಲ್ಲಿ ಪ್ರಯೋಗಗಳ ಯೋಜನೆಗಾಗಿ ‘ಆರ್ಥೊಗೊನಲ್ ಅರೇ’ಗಳನ್ನು ರೂಪಿಸಿ ಅವುಗಳ ಗಾತ್ರಕ್ಕೆ ಒಂದು ಮಿತಿಯನ್ನು ಸಾಧಿಸಿದರು. 1950ರಲ್ಲಿ ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ ದೋಷ ತಿದ್ದುವ ಕೋಡ್‌ಗಳಿಗೆ ಕೊಟ್ಟ ಮಿತಿ ಅದರ ಕನ್ನಡಿ ಬಿಂಬ. ಅವರಿಬ್ಬರ ಸಮುದಾಯಗಳು ಒಂದೇ ಸಭಾಂಗಣದಲ್ಲಿ ಕೂರುತ್ತಿರಲಿಲ್ಲ. ರಾವ್ ಅವರಂತೆ ಕಲಕತ್ತೆಯ ಆ ಸಂಸ್ಥೆಯಲ್ಲಿದ್ದು ಅಮೆರಿಕಕ್ಕೆ ಹೋದ ಆರ್.ಸಿ. ಬೋಸ್ ಎರಡು ದಡಗಳನ್ನು ಬೆಸೆಯುವ ಹೊತ್ತಿಗೆ 1960 ಆಗಿತ್ತು. ಬೋಸ್ ಮತ್ತು ಡಿ.ಕೆ. ರೇಚೌಧುರಿ ಅವರ ಹೆಸರು ಹೊತ್ತ ಬಿಸಿಎಚ್ ಕೋಡ್ ಆ ಬೆಸುಗೆಯ ಫಲ. ಸೇರುವ ಜಾಗವೊಂದಿದ್ದಿದ್ದರೆ ಹತ್ತು ವರ್ಷಗಳಾದರೂ ಉಳಿಯುತ್ತಿದ್ದವು ಎಂದು ನಾನು ನಂಬುತ್ತೇನೆ.

1971: ಒಂದು ವರ್ಷ, ಮೂರು ಜಾಗ

ಸಂಸ್ಥೆಯ ಇಡೀ ಚರಿತ್ರೆಯಲ್ಲಿ ನಿಂತು ನೋಡಬೇಕಾದ ವರ್ಷ 1971. ಅಮೆರಿಕದ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಏಪ್ರಿಲಿನಲ್ಲಿ ಸಂವಹನ ಸಿದ್ಧಾಂತದ ಕಾರ್ಯಾಗಾರ ನಡೆಯಿತು. ಕೋಡಿಂಗ್ ಸತ್ತಿದೆ, ಇನ್ನು ಅದರಲ್ಲಿ ಹುಡುಕುವುದೇನೂ ಉಳಿದಿಲ್ಲ ಎಂಬ ಮಾತು ಅಲ್ಲಿ ವೇದಿಕೆಯಿಂದಲೇ ಬಂತು. ಆ ಕಲಾಪದ ಲಿಖಿತ ದಾಖಲೆ ಉಳಿದಿಲ್ಲ. ಸಭೆಯಲ್ಲಿದ್ದ ಅಂದಿನ ಯುವ ವಿದ್ವಾಂಸರ ನೆನಪಿನಲ್ಲಿ ಅದು ಉಳಿದಿದೆ. ಹಿಂದಿನ ಸಾಲಿನಿಂದ ಅರ್ವಿನ್ ಜೇಕಬ್ಸ್ ಎದ್ದು, ಕೈಯಲ್ಲಿದ್ದ ಪುಟ್ಟ ಇಂಟಿಗ್ರೇಟೆಡ್ ಸರ್ಕ್ಯೂಟನ್ನು ಎತ್ತಿ ಹಿಡಿದು, ಕೋಡಿಂಗ್‌ನ ಭವಿಷ್ಯ ಇದು ಎಂದರಂತೆ. ಲೆಕ್ಕ ಹಾಕುವ ಖರ್ಚು ಇಳಿಯುತ್ತಿದೆ, ಕಾಗದದ ಮೇಲಿನ ವಿದ್ಯೆ ಯಂತ್ರಕ್ಕೆ ಇಳಿಯುವ ಕಾಲ ಬಂತು ಎಂಬುದು ಅದರ ಇಂಗಿತ. ಜೇಕಬ್ಸ್ 1985ರಲ್ಲಿ ಕ್ವಾಲ್‌ಕಾಮ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದರು.

ಸೆಪ್ಟೆಂಬರಿನಲ್ಲಿ ಸೋವಿಯತ್ ಅರ್ಮೇನಿಯದ ಗುಡ್ಡಗಾಡಿನ ಊರು ತ್ಸಾಖ್ಕಾದ್ಸೊರ್‌ನಲ್ಲಿ ಎರಡನೆಯ ಅಂತರರಾಷ್ಟ್ರೀಯ ಮಾಹಿತಿ ಸಿದ್ಧಾಂತ ಸಂಕಿರಣ ಸೇರಿತು. ಶೀತಲ ಸಮರದ ದಿನಗಳಲ್ಲಿ ಸೋವಿಯತ್ ವಿದ್ವಾಂಸರು ಹೊರದೇಶಕ್ಕೆ ಹೋಗುವುದು ಕಷ್ಟವಿತ್ತು. ಆದ್ದರಿಂದ ಹೊರಗಿನವರು ಅವರಲ್ಲಿಗೆ ಹೋದರು. ಜಪಾನಿನ ಹಿರೊತುಗು ಅಕಾಯಿಕೆ ಅಲ್ಲಿ ಓದಿದ ಪ್ರಬಂಧದಿಂದ, ಅಂಕಿಅಂಶಗಳಿಗೆ ಹೊಂದುವ ಮಾದರಿಯನ್ನು ಆರಿಸಿಕೊಳ್ಳುವ ಎಐಸಿ ಎಂಬ ಮಾನದಂಡ ಜಗತ್ತಿಗೆ ಪರಿಚಯವಾಯಿತು. ಇಂದು ಪರಿಸರ ವಿಜ್ಞಾನದಿಂದ ಅರ್ಥಶಾಸ್ತ್ರದವರೆಗೆ ಅದರ ಬಳಕೆಯಿದೆ. ಶಾನನ್ ಬಾಗಿಲು ಮುಚ್ಚಿಬಿಟ್ಟರು ಎನ್ನುವವರಿಗೆ ಇದೇ ಉತ್ತರ: ಪ್ರಮೇಯ ಹಿಡಿದು ಬಂದವರಿಗೆ ಬಾಗಿಲು ತೆರೆದೇ ಇತ್ತು. ಅದೇ ಕೂಟದಲ್ಲಿ ಜರ್ಮನಿಯ ರುಡಾಲ್ಫ್ ಆಲ್ಸ್‌ವೀಡ್, ಹಲವರು ಒಮ್ಮೆಗೇ ಒಂದು ಚಾನೆಲ್‌ಗೆ ಮಾತು ಕಳುಹಿಸಿದರೆ ಎಷ್ಟು ಸಾಗಿಸಬಹುದು ಎಂದು ಲೆಕ್ಕ ಕೊಟ್ಟರು. ಒಂದು ಟವರಿನ ಕೆಳಗೆ ನೂರಾರು ಮೊಬೈಲುಗಳು ಮಾತಾಡುವ ಇಂದಿನ ಸ್ಥಿತಿಯ ಗಣಿತ ಅದು. ಆಗ ಸೆಲ್ಯುಲರ್ ದೂರವಾಣಿ ಸೇವೆ ಎಲ್ಲಿಯೂ ಇರಲಿಲ್ಲ.

ನವೆಂಬರಿನಲ್ಲಿ ಮ್ಯಾರಿನರ್ 9 ನೌಕೆ ಮಂಗಳನ ಕಕ್ಷೆ ಸೇರಿತು. ಅದು ಕಳುಹಿಸಿದ 7,329 ಚಿತ್ರಗಳು ಭೂಮಿಗೆ ಬಂದದ್ದು 1954ರ ಎಂಐಟಿ ಸಂಕಿರಣದ ಸಂಚಿಕೆಯಲ್ಲಿದ್ದ ರೀಡ್ ಅವರ ಕೋಡಿನಲ್ಲಿ. ಒಂದೊಂದು ಚುಕ್ಕೆಯ ಕಪ್ಪುಬಿಳುಪಿನ ಪ್ರಮಾಣ 6 ಬಿಟ್. ಅದನ್ನು 32 ಬಿಟ್‌ಗೆ ಹಿಗ್ಗಿಸಿ ಕಳುಹಿಸಿದರೆ, ದಾರಿಯಲ್ಲಿ 7 ಬಿಟ್ ತಿರುಚಿಕೊಂಡರೂ ಮೂಲವನ್ನು ಪಡೆಯಬಹುದಿತ್ತು. ಸತ್ತಿದೆ ಎಂದು ಏಪ್ರಿಲಿನಲ್ಲಿ ಸಾರಿದ ವಿದ್ಯೆಯೇ ಮುಂದೆ ಮಂಗಳದ ಜ್ವಾಲಾಮುಖಿಗಳನ್ನು ತೋರಿಸಿತು. ಆ ನಿರಾಶೆಯ ಮಾತನ್ನು ಆಡಿದವರನ್ನು ಹಳಿಯಬೇಕಿಲ್ಲ. ಅದನ್ನು ಎದುರಿಗೇ ಆಡಲು, ಎದುರಿಗೇ ಉತ್ತರಿಸಲು ಜಾಗವಿತ್ತು ಎಂಬುದು ಸಂಸ್ಥೆಯ ಆರೋಗ್ಯದ ಗುರುತು.

1973–1998: ಅಂಗೀಕಾರ ಮತ್ತು ಒಂದು ಪರೀಕ್ಷೆ

1973ರಲ್ಲಿ ಇಸ್ರೇಲಿನ ಆಶ್ಕೆಲಾನ್‌ನಲ್ಲಿ ಮೊದಲ ಶಾನನ್ ಉಪನ್ಯಾಸವನ್ನು ಶಾನನ್ ಅವರೇ ಕೊಟ್ಟರು. 1976ರಲ್ಲಿ ಸ್ವೀಡನ್ನಿನ ರಾನೆಬಿಯಲ್ಲಿ ಐಬಿಎಂನ ಗಾಟ್‌ಫ್ರೀಡ್ ಉಂಗರ್‌ಬೋಕ್, ಬ್ಯಾಂಡ್‌ವಿಡ್ತ್ ಹೆಚ್ಚಿಸದೆಯೇ ತಪ್ಪುಗಳನ್ನು ತಗ್ಗಿಸುವ ಟ್ರೆಲಿಸ್ ಕೋಡಿಂಗ್ ಬಗ್ಗೆ ಸಹೋದ್ಯೋಗಿಯೊಬ್ಬರ ಜೊತೆ ಮೊದಲ ಬಾರಿಗೆ ಹೇಳಿದರು. ಪೂರ್ಣ ಪ್ರಬಂಧ ಅಚ್ಚಾದದ್ದು 1982ರಲ್ಲಿ. ನಡುವಿನ ಆರು ವರ್ಷ ಅದು ಗೋಷ್ಠಿಯ ಮಾತಾಗಿಯೇ ಬದುಕಿತು. 1984ರ ವೇಳೆಗೆ ಸೆಕೆಂಡಿಗೆ 9,600 ಬಿಟ್ ಸಾಗಿಸುವ ಮೋಡೆಮ್‌ಗಳ ಮಾನದಂಡದೊಳಗೆ ಅದು ಸೇರಿತ್ತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಭಾರತದ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಾಗ, ಹಳೆಯ ಟೆಲಿಫೋನು ತಂತಿಗಳ ಮೇಲೆ ಅದು ನಡೆದದ್ದು ಇಂಥ ಮೋಡೆಮ್‌ಗಳ ಬಲದಿಂದ.

1985ರ ಬ್ರೈಟನ್ ಸಂಕಿರಣಕ್ಕೆ ಶಾನನ್ ಹೇಳದೆ ಕೇಳದೆ ಬಂದರು. ಎಷ್ಟೋ ವರ್ಷ ಈ ಕೂಟಗಳಿಂದ ದೂರವಿದ್ದವರು ಅವರು. ಔತಣದಲ್ಲಿ ಎರಡು ಮಾತಾಡಲು ಒಪ್ಪಿ, ಸಭಿಕರಿಗೆ ಬೇಸರವಾದೀತೆಂದು ಜೇಬಿನಿಂದ ಮೂರು ಚೆಂಡು ತೆಗೆದು ಗಾಳಿಗೆ ಎಸೆದು ಹಿಡಿದು ಆಡಿಸಿದರು. ಹಸ್ತಾಕ್ಷರಕ್ಕೆ ವಿದ್ವಾಂಸರು ಸಾಲುಗಟ್ಟಿ ನಿಂತರು. 1989ರಲ್ಲಿ ಗುಂಪು ಸೊಸೈಟಿಯಾಯಿತು.

ನನ್ನ ವಾದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ 1993ರದು. ಚಾನೆಲ್ ಸಾಮರ್ಥ್ಯದ, ಅಂದರೆ ಶಾನನ್ ಮಿತಿಯ, ಅತಿ ಸಮೀಪ ಹೋದ ಟರ್ಬೊ ಕೋಡ್‌ಗಳನ್ನು ಕ್ಲಾಡ್ ಬೆರೂ, ಅಲೇನ್ ಗ್ಲಾವಿಯೂ, ಪುಣ್ಯ ತಿತಿಮಜ್ಶಿಮಾ ಮೊದಲು ಮಂಡಿಸಿದ್ದು ಈ ಸೊಸೈಟಿಯ ಸಂಕಿರಣದಲ್ಲಲ್ಲ, ಜಿನೀವಾದ ಸಂವಹನ ಸಮ್ಮೇಳನದಲ್ಲಿ. ಬೆರೂ ಫ್ರಾನ್ಸಿನ ಬ್ರಿಟನಿಯ ಎಲೆಕ್ಟ್ರಾನಿಕ್ಸ್ ಅಧ್ಯಾಪಕರು, ಕೋಡಿಂಗ್ ಬಳಗಕ್ಕೆ ಹೊರಗಿನವರು. ಫಲಿತಾಂಶ ನಂಬಲಾಗದಷ್ಟು ಚೆನ್ನಾಗಿದ್ದುದರಿಂದ ಲೆಕ್ಕದಲ್ಲಿ ಎಲ್ಲೋ ತಪ್ಪಾಗಿರಬೇಕೆಂದು ಹಲವರು ಶಂಕಿಸಿದರು. ಅದಕ್ಕಿಂತ ಇರಿಯುವ ಸಂಗತಿ ಇನ್ನೊಂದಿದೆ: ರಾಬರ್ಟ್ ಗ್ಯಾಲಗರ್ 1960ರಲ್ಲೇ ಕಂಡುಕೊಂಡಿದ್ದ ಎಲ್‌ಡಿಪಿಸಿ ಕೋಡ್‌ಗಳು ಅಷ್ಟೇ ಸಮರ್ಥವಾಗಿದ್ದರೂ, ಮೂವತ್ತಕ್ಕೂ ಹೆಚ್ಚು ವರ್ಷ ಬಹುತೇಕ ಯಾರೂ ಅವನ್ನು ತಿರುಗಿ ನೋಡಿರಲಿಲ್ಲ. ಕಾಪಿಡುವ ಕೂಟಗಳು ಇಲ್ಲಿ ಸೋತವು ಎನ್ನಬೇಕಾಗುತ್ತದೆ. ಒಂದೇ ಬಗೆಯ ಗಣಿತವನ್ನು ಮೆಚ್ಚುವವರು ವರ್ಷವರ್ಷ ಸೇರಿದರೆ ಬೇರೆ ಬಗೆಯದು ಕಣ್ಣಿಗೆ ಬೀಳದೆ ಹೋಗುವ ಅಪಾಯ ನಿಜ. ಆದರೂ ಮುಂದೆ ನಡೆದದ್ದನ್ನು ಗಮನಿಸಬೇಕು. ಅನುಮಾನ ಪಟ್ಟವರು ಪ್ರಯೋಗಾಲಯಕ್ಕೆ ಮರಳಿ ತಾವೇ ಪರೀಕ್ಷಿಸಿದರು, ಸರಿ ಎಂದು ಒಪ್ಪಿದರು. ಆ ಹುರುಪಿನಲ್ಲೇ ಗ್ಯಾಲಗರ್ ಅವರ ಹಳೆಯ ಕೋಡ್‌ಗಳೂ ಮರಳಿ ಬೆಳಕಿಗೆ ಬಂದವು. 1998ರಲ್ಲಿ ಶಾನನ್ ಪ್ರಬಂಧದ ಸುವರ್ಣ ಮಹೋತ್ಸವಕ್ಕೆ ಸೊಸೈಟಿ ಕೊಟ್ಟ ವಿಶೇಷ ಪ್ರಶಸ್ತಿಗಳಲ್ಲಿ ಟರ್ಬೊ ಕೋಡ್‌ನ ಮೂವರಿಗೂ ಪಾಲು ಸಿಕ್ಕಿತು. ಹೊರಗಿನವರನ್ನು ಐದೇ ವರ್ಷಗಳಲ್ಲಿ ತನ್ನವರೆಂದು ಗೌರವಿಸಿದ ಸಂಸ್ಥೆಯನ್ನು ಮುಚ್ಚಿದ ಬಳಗ ಎನ್ನಲು ಮನಸ್ಸಾಗುವುದಿಲ್ಲ.

2002ರಿಂದ: ಬೆಂಗಳೂರು

2002ರ ಅಕ್ಟೋಬರ್ 20ರಿಂದ 25ರವರೆಗೆ ಸೊಸೈಟಿಯ ಮಾಹಿತಿ ಸಿದ್ಧಾಂತ ಕಾರ್ಯಾಗಾರ ಬೆಂಗಳೂರಿನಲ್ಲಿ ನಡೆಯಿತು. ಊರಿನ ಆಯ್ಕೆ ಆಕಸ್ಮಿಕವಲ್ಲ. ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಜನ ಕರೆಯುವ ಐಐಎಸ್‌ಸಿ, ಐಟಿಐ, ಬಿಇಎಲ್, ಇಸ್ರೊ, ಆಮೇಲೆ ಬಂದ ಚಿಪ್ ವಿನ್ಯಾಸದ ಕಂಪನಿಗಳು, ಎಲ್ಲಕ್ಕೂ ಬೇಕಾದ ವಿದ್ಯೆ ಇದು. ನಗರದ ಹೊರಗೆ ಬ್ಯಾಲಾಳುವಿನಲ್ಲಿರುವ 32 ಮೀಟರ್ ಅಗಲದ ಆಂಟೆನಾ ಚಂದ್ರಯಾನದ ಕ್ಷೀಣ ದನಿಯನ್ನು ಸುಮಾರು 3.8 ಲಕ್ಷ ಕಿಲೋಮೀಟರ್ ದೂರದಿಂದ ಆಲಿಸಬೇಕು. ಗದ್ದಲದಿಂದ ಮಾತನ್ನು ಬೇರ್ಪಡಿಸುವ ಶಾನನ್ ಅವರ ಪ್ರಶ್ನೆ ಅಲ್ಲಿ ದಿನನಿತ್ಯದ ಕೆಲಸ. ಐಐಎಸ್‌ಸಿ ಎರಡು ವರ್ಷಕ್ಕೊಮ್ಮೆ ನಡೆಸುವ ಎಸ್‌ಪಿಕಾಮ್ ಸಮ್ಮೇಳನ, ಐಐಟಿಗಳು ಮತ್ತು ಐಐಎಸ್‌ಸಿ ಸೇರಿ 1995ರಿಂದ ನಡೆಸುತ್ತಿರುವ ರಾಷ್ಟ್ರೀಯ ಸಂವಹನ ಸಮ್ಮೇಳನ, ವಿದ್ಯಾರ್ಥಿಗಳಿಗಾಗಿ ಸೊಸೈಟಿಯ ನೆರವಿನಿಂದ ನಡೆಯುವ ಬೇಸಿಗೆ ಶಾಲೆ ಈ ನೆಲಕ್ಕೆ ಒಗ್ಗಿದ ಕೂಟಗಳು.

ಕೊಡುಕೊಳ್ಳುವಿಕೆಗೆ ಒಂದು ಉದಾಹರಣೆ ಸಾಕು. ಡೇಟಾ ಸೆಂಟರಿನಲ್ಲಿ ಒಂದು ಡಿಸ್ಕ್ ಕೆಟ್ಟರೆ, ಉಳಿದ ಡಿಸ್ಕ್‌ಗಳಿಂದ ಆದಷ್ಟು ಕಡಿಮೆ ದತ್ತಾಂಶ ತರಿಸಿ ಅದನ್ನು ಮತ್ತೆ ಕಟ್ಟುವುದು ಹೇಗೆ? ಇದಕ್ಕೆ ಖಚಿತ ಕೋಡ್‌ಗಳನ್ನು ಐಐಎಸ್‌ಸಿಯ ಕೆ.ವಿ. ರಶ್ಮಿ, ನಿಹಾರ್ ಶಾ, ಪಿ. ವಿಜಯ್ ಕುಮಾರ್, ಬರ್ಕ್ಲಿಯ ಕಣ್ಣನ್ ರಾಮ್‌ಚಂದ್ರನ್ ಜೊತೆಗೂಡಿ 2009ರಲ್ಲಿ ಮುಂದಿಟ್ಟದ್ದು ಅದೇ ಅಲರ್ಟನ್ ಸಮಾವೇಶದಲ್ಲಿ. ಅದರ ವಿಸ್ತೃತ ಪ್ರಬಂಧ ಆಮೇಲೆ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಗೋಷ್ಠಿ ಮೊದಲು, ಪತ್ರಿಕೆ ಆಮೇಲೆ ಎಂಬ 1950ರ ಕ್ರಮ ಬೆಂಗಳೂರಿನವರಿಗೂ ಅನ್ವಯಿಸಿತು.

2008ರಿಂದ ಈಚೆಗೆ

ಟೊರಾಂಟೊ ಸಂಕಿರಣದಲ್ಲಿ 2008ರಲ್ಲಿ ತುರ್ಕಿಯ ಎರ್ದಾಲ್ ಅರಿಕಾನ್ ಪೋಲಾರ್ ಕೋಡ್‌ಗಳನ್ನು ಮಂಡಿಸಿದರು. ಸಮ್ಮಿತಿಯುಳ್ಳ ಚಾನೆಲ್‌ಗಳ ಮಟ್ಟಿಗೆ, ಶಾನನ್ ಮಿತಿಯನ್ನು ಮುಟ್ಟುತ್ತದೆ ಎಂದು ಸಾಧಿಸಿ ತೋರಿಸಬಲ್ಲ, ಲೆಕ್ಕಕ್ಕೂ ಹಗುರವಾದ ನಿರ್ಮಾಣ ಶಾನನ್ ಪ್ರಬಂಧದ 60ನೆಯ ವರ್ಷದಲ್ಲಿ ಸಿಕ್ಕಿತು. ಅರಿಕಾನ್ ಎಂಐಟಿಯಲ್ಲಿ ಗ್ಯಾಲಗರ್ ಅವರ ವಿದ್ಯಾರ್ಥಿಯಾಗಿದ್ದವರು. 5ಜಿಯಲ್ಲಿ ದತ್ತಾಂಶಕ್ಕೆ ಗುರುವಿನ ಕೋಡ್, ನಿಯಂತ್ರಣ ಸಂದೇಶಗಳಿಗೆ ಶಿಷ್ಯನ ಕೋಡ್ ಎಂದು 2016ರಲ್ಲಿ ತೀರ್ಮಾನವಾಯಿತು. 2022ರ ಅಕ್ಟೋಬರ್ 1ರಂದು ಭಾರತದಲ್ಲಿ 5ಜಿ ಶುರುವಾದಾಗ ಎರಡೂ ನಮ್ಮ ಜನರ ಜೇಬಿಗೆ ಬಂದವು.

2020ರ ಲಾಸ್ ಏಂಜಲೀಸ್, 2021ರ ಮೆಲ್ಬರ್ನ್ ಸಂಕಿರಣಗಳು ಮಹಾಮಾರಿಯಿಂದಾಗಿ ಪರದೆಯ ಮೇಲೆ ನಡೆದವು. ಇನ್ನು ಮುಂದೆಯೂ ಹಾಗೇ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ವೀಸಾ, ವಿಮಾನದ ಟಿಕೆಟ್ಟು, ನೋಂದಣಿ ಶುಲ್ಕಗಳ ಭಾರ ಹೊರಲಾಗದ ನಮ್ಮ ವಿದ್ಯಾರ್ಥಿಗಳ ದೃಷ್ಟಿಯಿಂದ ಈ ಪ್ರಶ್ನೆಗೆ ನೈತಿಕ ಬಲವಿದೆ. ಪರದೆ ಕೇಳುಗರ ಸಂಖ್ಯೆಯನ್ನು ಹಿಗ್ಗಿಸಿತು, ಅದು ಉಳಿಯಬೇಕು. ಆದರೆ 1971ರಲ್ಲಿ ಹಿಂದಿನ ಸಾಲಿನಿಂದ ಎದ್ದು ನಿಂತ ಬಗೆಯ ಉತ್ತರಕ್ಕೆ ಎದುರುಬದುರು ಕೂತ ಸಭೆ ಬೇಕು. ಹೊರೆ ಇಳಿಸುವ ದಾರಿ ಕೂಟಗಳನ್ನು ಜನರ ಹತ್ತಿರಕ್ಕೆ ಒಯ್ಯುವುದು. 2022ರ ನವೆಂಬರಿನಲ್ಲಿ ಮುಂಬೈನಲ್ಲಿ ಕಾರ್ಯಾಗಾರ ನಡೆದದ್ದು ಆ ದಿಕ್ಕಿನ ಹೆಜ್ಜೆ. ಅರ್ಮೇನಿಯದ ಗುಡ್ಡಕ್ಕೆ ಹೋದವರಿಗೆ ಧಾರವಾಡವೋ ಸುರತ್ಕಲ್ಲೋ ದೂರವಾಗಬೇಕಿಲ್ಲ.

ಕೆಲಸವಂತೂ ಬಾಕಿಯಿದೆ. ಇಬ್ಬರು ಒಂದೇ ಚಾನೆಲ್‌ನಲ್ಲಿ ಏಕಕಾಲಕ್ಕೆ ಪರಸ್ಪರ ಮಾತಾಡಿದರೆ ಅದರ ಸಾಮರ್ಥ್ಯವೆಷ್ಟು ಎಂಬ ಪ್ರಶ್ನೆಯನ್ನು ಶಾನನ್ ಬರ್ಕ್ಲಿ ಸಂಕಿರಣವೊಂದರಲ್ಲಿ ಎತ್ತಿದ್ದರು, ಪ್ರಬಂಧ 1961ರಲ್ಲಿ ಅಚ್ಚಾಯಿತು. ಮೂಲ ಮತ್ತು ಗುರಿಯ ನಡುವೆ ಒಬ್ಬ ಸಹಾಯಕನಿದ್ದರೆ ಏನಾಗುತ್ತದೆ ಎಂದು ಎಡ್ವರ್ಡ್ ವಾನ್ ಡರ್ ಮ್ಯೂಲನ್ 1971ರಲ್ಲಿ ಕೇಳಿದರು. ಎರಡಕ್ಕೂ ಎಲ್ಲ ಸಂದರ್ಭಗಳಿಗೆ ಹೊಂದುವ ಉತ್ತರ ಇಂದಿಗೂ ಸಿಕ್ಕಿಲ್ಲ.